ಕೃಪೆ ದೊರೆತವನ ಹಳೆಯ ಸಾಲ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ದೇವರ ಕೃಪೆಯ ಕುರಿತಾಗಿಯೇ ಇದ್ದವು. ಎಲ್ಲವನ್ನೂ ಅಚ್ಚು ಹಾಕಲು ಸ್ಥಳವಿಲ್ಲದ ಕಾರಣ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ. ಮೊದಲನೆಯ ಪತ್ರಕ್ಕೆ ಉತ್ತರ ಉದ್ದವಾಗಿದೆ. ಆ ಸಹೋದರಿ ಬರೆದ ನೋವು ಮುಂಬೈಯ ನಮ್ಮ ಅನೇಕ ಕನ್ನಡ ಕ್ರೈಸ್ತ ಸಭೆಗಳ ಮನೆಗಳಲ್ಲಿ ಇದೆ, ಆದರೆ ಅದನ್ನು ಬಾಯಿಬಿಟ್ಟು ಹೇಳುವವರು ವಿರಳ.

ಪ್ರಶ್ನೆ: ಪೂಜ್ಯ ಸಭಾಪಾಲಕರಿಗೆ ವಂದನೆಗಳು. ನಮ್ಮ ತಂದೆತಾಯಿ ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆಂದು ಮುಂಬೈಗೆ ಬಂದವರು. ತಂದೆ ತೀರಿಹೋದ ಮೇಲೆ ನನ್ನ ತಮ್ಮ ಕುಡಿತಕ್ಕೆ ಬಿದ್ದು, ಅವ್ವನ ಚಿನ್ನದ ಮಣಿಸರವಾದ ಬೋರಮಾಳವನ್ನು ಒತ್ತೆ ಇಟ್ಟು ಮುಳುಗಿಸಿದನು. ನಾನು ಭಿಶಿ (ತಿಂಗಳ ಕಂತಿನ ಚೀಟಿ) ಎತ್ತಿ ತಂದು ಪೆಟ್ಟಿಗೆಯಲ್ಲಿ ಇಟ್ಟಿದ್ದ 40,000 ರೂಪಾಯಿಗಳನ್ನು ಹೇಳದೆ ತೆಗೆದುಕೊಂಡು ಹೋದನು. ಹದಿನಾಲ್ಕು ತಿಂಗಳ ಹಿಂದೆ ಗೆಳೆಯನೊಬ್ಬನು ಅವನನ್ನು ಪ್ರಾರ್ಥನಾ ಕೂಟಕ್ಕೆ ಕರೆದೊಯ್ದನು. ಅಂದಿನಿಂದ ಇಂದಿನವರೆಗೆ ಅವನು ಒಂದು ತೊಟ್ಟು ಮುಟ್ಟಿಲ್ಲ, ದೀಕ್ಷಾಸ್ನಾನವೂ ಆಗಿದೆ. ಭಾನುವಾರ ಅವನು ಸಭೆಯ ಮುಂದೆ ನಿಂತು ತನ್ನ ಬದುಕು ಬದಲಾದ ಬಗೆಗೆ ಸಾಕ್ಷಿ ಹೇಳಿದರೆ ಕೇಳುವವರು ಅಳುತ್ತಾರೆ. ಆದರೆ ಬೋರಮಾಳದ ಮಾತನ್ನಾಗಲಿ, ಹಣದ ಮಾತನ್ನಾಗಲಿ ಅವನು ಎತ್ತುವುದಿಲ್ಲ. ನಾನೇ ಕೇಳಿದಾಗ, “ಅಕ್ಕಾ, ಹಳೆಯದನ್ನೆಲ್ಲ ಕರ್ತನೇ ಮರೆತಿದ್ದಾನೆ, ನೀನೇಕೆ ನೆನೆಸುತ್ತೀ?” ಎಂದನು. ಈಗ ಅವನು ಭಿಶಿಗೆ ಸೇರಬೇಕಂತೆ, ನಾನು ಜಾಮೀನು ನಿಲ್ಲಬೇಕಂತೆ. ಒಲ್ಲೆ ಎಂದದ್ದಕ್ಕೆ ಸಭೆಯ ಹಿರಿಯರೊಬ್ಬರು ನನಗೆ ಕ್ಷಮಿಸುವ ಹೃದಯವಿಲ್ಲ ಎಂದರು. ನನ್ನಲ್ಲಿ ದೇವರ ಕೃಪೆ ಇಲ್ಲವೆ? (ಸಹೋದರಿ, ಧಾರಾವಿ)

ಉತ್ತರ: ಸಹೋದರಿ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಇಷ್ಟೆಲ್ಲ ಕಳೆದುಕೊಂಡ ಮೇಲೆಯೂ ತಮ್ಮನನ್ನು ಮನೆಯಲ್ಲಿ ಇಟ್ಟುಕೊಂಡು, ಅವನು ಕುಡಿಯದೆ ಕಳೆದ ತಿಂಗಳುಗಳನ್ನು ಎಣಿಸುತ್ತಿರುವ ನಿಮ್ಮಲ್ಲಿ ಕೃಪೆ ಇಲ್ಲವೆಂದು ಹೇಳಲು ಯಾವ ಹಿರಿಯರಿಗೂ ಅಧಿಕಾರವಿಲ್ಲ. ಆ ಹದಿನಾಲ್ಕು ತಿಂಗಳುಗಳಿಗಾಗಿ ನಿಮ್ಮೊಂದಿಗೆ ನಾನೂ ದೇವರನ್ನು ಸ್ತುತಿಸುತ್ತೇನೆ.

ಇನ್ನು ನಿಮ್ಮ ತಮ್ಮ ಹೇಳಿದ ಮಾತು. ದೇವರು ನಮ್ಮ ಪಾಪಗಳನ್ನು ಇನ್ನು ನೆನಪಿಗೆ ತಂದುಕೊಳ್ಳುವುದಿಲ್ಲವೆಂಬ ವಾಗ್ದಾನ ಯೆಶಾಯನ ಗ್ರಂಥದ 43ನೆಯ ಅಧ್ಯಾಯದಲ್ಲಿ ಇರುವುದು ನಿಜ. ಆದರೆ ಮರೆಯುವ ಆ ಹಕ್ಕು ದೇವರದು. ತಪ್ಪು ಮಾಡಿದವನು ಅದನ್ನು ಎರವಲು ಪಡೆದು ತನ್ನ ಅಕ್ಕನ ಮೇಲೆ ಚಲಾಯಿಸಲು ಬರುವುದಿಲ್ಲ. ಯಾಜಕಕಾಂಡದ 6ನೆಯ ಅಧ್ಯಾಯವನ್ನು ಅವನಿಗೆ ಓದಿಸಿರಿ. ನೆರೆಯವನ ಸೊತ್ತನ್ನು ಮೋಸದಿಂದ ಇಟ್ಟುಕೊಂಡವನು ಮೊದಲು ಅಸಲನ್ನೂ ಅದರ ಐದನೆಯ ಒಂದು ಪಾಲನ್ನೂ ಕೂಡಿಸಿ ಅದರ ಒಡೆಯನಿಗೆ ಕೊಡಬೇಕು, ಆಮೇಲೆ ಟಗರನ್ನು ಯಜ್ಞಕ್ಕೆ ತರಬೇಕು ಎಂದು ಅಲ್ಲಿ ಬರೆದಿದೆ. ಯೇಸುಸ್ವಾಮಿಯೂ ಬೆಟ್ಟದ ಪ್ರಸಂಗದಲ್ಲಿ ಇದೇ ಕ್ರಮವನ್ನು ಹಿಡಿದು, ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇರುವುದು ನೆನಪಾದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಅವನ ಬಳಿಗೆ ಹೋಗು ಎಂದು ಹೇಳಿದನು.

ಹಾಗಾದರೆ ಕೃಪೆ ಉಚಿತವೆಂಬ ಮಾತು ಸುಳ್ಳೇ ಎಂದು ಅವನು ಕೇಳಬಹುದು. ಅದಕ್ಕೆ ಲೂಕನ ಸುವಾರ್ತೆಯ 19ನೆಯ ಅಧ್ಯಾಯದ ಜಕ್ಕಾಯನೇ ಉತ್ತರ. ಯೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥನಾಗಿದ್ದ ಈ ಗಿಡ್ಡ ಮನುಷ್ಯ ಯೇಸುವನ್ನು ನೋಡಲು ಮರ ಹತ್ತಿ ಕುಳಿತಿದ್ದಾಗ, ಯೇಸು ಅವನ ಹೆಸರು ಹಿಡಿದು ಕರೆದು, ಈ ಹೊತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕಾಗಿದೆ ಎಂದನು. ದೋಚಿದ್ದನ್ನು ಹಿಂದಕ್ಕೆ ಕೊಟ್ಟರೆ ಬರುತ್ತೇನೆ ಎಂಬ ಷರತ್ತು ಆ ಮಾತಿನಲ್ಲಿ ಇರಲಿಲ್ಲ. ಊರವರೆಲ್ಲ ಗೊಣಗುತ್ತಿರುವಾಗ ಜಕ್ಕಾಯ ಎದ್ದು ನಿಂತು, ಯಾರೂ ಕೇಳದಿದ್ದರೂ, ಆಸ್ತಿಯ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಎಂದು ಹೇಳಿದನು. ಧರ್ಮಶಾಸ್ತ್ರದ ಪ್ರಕಾರ ತಾನಾಗಿ ಒಪ್ಪಿಕೊಂಡವನು ಅಸಲಿನ ಮೇಲೆ ಐದನೆಯ ಒಂದು ಪಾಲು ಕೊಟ್ಟರೆ ಸಾಕಾಗಿತ್ತು. ನಾಲ್ಕರಷ್ಟು ಎಂಬುದು, ಕುರಿ ಕದ್ದು ಕೊಯ್ದವನಿಗೆ ಅಥವಾ ಮಾರಿದವನಿಗೆ ವಿಮೋಚನಕಾಂಡದಲ್ಲಿ ಹೇಳಿದ ದಂಡ. ಅಂದರೆ ಜಕ್ಕಾಯ ತನ್ನ ಮೇಲೆ ತಾನೇ ಕಠಿಣವಾದ ಅಳತೆಯನ್ನು ಹಾಕಿಕೊಂಡನು. ಕೃಪೆ ಬಂದ ಮನೆಯಲ್ಲಿ ಮುಚ್ಚಿಟ್ಟ ಲೆಕ್ಕದ ಪುಸ್ತಕ ಹೀಗೆ ತಾನಾಗಿ ತೆರೆದುಕೊಂಡಿತು.

ಇಷ್ಟನ್ನು ಓದಿ, ತಮ್ಮನ ಮಾನಸಾಂತರವೇ ಸುಳ್ಳೆಂದು ದಯವಿಟ್ಟು ತೀರ್ಮಾನಿಸಬೇಡಿರಿ. ಒಬ್ಬನು ನಿಜವಾಗಿ ದೇವರ ಕಡೆಗೆ ತಿರುಗಿದ ಮೇಲೆಯೂ ತನ್ನ ಬದುಕಿನ ದೊಡ್ಡದೊಂದು ಅನ್ಯಾಯವನ್ನು ಬಹುಕಾಲ ಕಾಣದೆ ಇರಬಹುದು. ಕೃಪೆಯನ್ನು ಕುರಿತು ಜಗತ್ತಿನ ಎಷ್ಟೋ ಸಭೆಗಳಲ್ಲಿ ಇಂದಿಗೂ ಹಾಡುವ ಕೀರ್ತನೆಯೊಂದನ್ನು ಬರೆದ ಇಂಗ್ಲೆಂಡಿನ ಜಾನ್ ನ್ಯೂಟನ್ 1748ರಲ್ಲಿ ಸಮುದ್ರದ ಬಿರುಗಾಳಿಯಲ್ಲಿ ದೇವರಿಗೆ ಮೊರೆಯಿಟ್ಟವರು. ಆದರೆ ಅದರ ನಂತರವೂ ಅವರು ಆಫ್ರಿಕದ ಜನರನ್ನು ಗುಲಾಮರನ್ನಾಗಿ ಸಾಗಿಸುವ ಹಡಗುಗಳ ಕಪ್ತಾನರಾಗಿ ದುಡಿದರು, ಅದೇ ಹಡಗಿನಲ್ಲಿ ಬೈಬಲ್ ಓದಿ ಪ್ರಾರ್ಥಿಸಿದರು. 1754ರಲ್ಲಿ ಆ ಕೆಲಸ ಬಿಟ್ಟದ್ದು ಕೂಡ ಆರೋಗ್ಯ ಕೆಟ್ಟ ಕಾರಣದಿಂದ. ಆ ವ್ಯಾಪಾರದ ಕ್ರೌರ್ಯವನ್ನು ಬಯಲಿಗೆಳೆದು, ಅದರಲ್ಲಿ ತಮ್ಮ ಪಾಲೂ ಇತ್ತೆಂದು ನಾಚಿಕೆಯಿಂದ ಒಪ್ಪಿಕೊಂಡು ಅವರು ಪುಸ್ತಿಕೆ ಪ್ರಕಟಿಸಿದ್ದು 1788ರಲ್ಲಿ, ಬಿರುಗಾಳಿಯ ಆ ರಾತ್ರಿ ಕಳೆದು ನಲವತ್ತು ವರ್ಷಗಳಾದ ಮೇಲೆ. ಅಷ್ಟು ವಿಳಂಬದ ಬೆಲೆಯನ್ನು ತೆತ್ತವರು ಹಡಗಿನ ತಳದಲ್ಲಿ ಸರಪಳಿ ತೊಟ್ಟವರು ಎಂಬುದನ್ನು ನಾನು ಮರೆಯಲಾರೆ. ಆದ್ದರಿಂದಲೇ ನಿಮ್ಮ ತಮ್ಮನ ವಿಷಯದಲ್ಲಿ ನೀವು ಸುಮ್ಮನಿರಬಾರದು. ಅವನ ಕಣ್ಣಿಗೆ ಕಾಣದಿರುವುದನ್ನು ತೋರಿಸಬಲ್ಲವರು ನೀವೇ, ಮತ್ತು ಹಾಗೆ ತೋರಿಸುವುದು ಅಕ್ಕನ ಪ್ರೀತಿಯ ಕೆಲಸವೇ ಆಗಿದೆ.

ಕ್ಷಮಿಸುವುದು ಬೇರೆ, ನಂಬಿ ಜಾಮೀನು ನಿಲ್ಲುವುದು ಬೇರೆ. ಯೋಸೇಫನ ಕಥೆಯನ್ನು ಆದಿಕಾಂಡದಲ್ಲಿ ನಿಧಾನವಾಗಿ ಓದಿರಿ. ಇಪ್ಪತ್ತು ಬೆಳ್ಳಿಯ ನಾಣ್ಯಗಳಿಗೆ ತನ್ನನ್ನು ಮಾರಿದ ಅಣ್ಣಂದಿರು ಧಾನ್ಯಕ್ಕಾಗಿ ಐಗುಪ್ತಕ್ಕೆ ಬಂದಾಗ ಅವನು ಮರೆಗೆ ಹೋಗಿ ಅತ್ತನು. ಅವರ ಚೀಲಗಳಲ್ಲಿ ಧಾನ್ಯದೊಂದಿಗೆ ಅವರ ಹಣವನ್ನೂ ಇಡಿಸಿದನು. ಅವನ ಹೃದಯದಲ್ಲಿ ಹಗೆ ಇರಲಿಲ್ಲ. ಆದರೂ ತಾನು ಯಾರೆಂದು ಕೂಡಲೇ ಹೇಳಲಿಲ್ಲ. ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿಯ ಪಾನಪಾತ್ರೆಯನ್ನು ಇಡಿಸಿ, ಈ ತಮ್ಮನನ್ನೂ ಅವರು ಬಿಟ್ಟುಹೋಗುವರೋ ಎಂದು ನೋಡಿದನು. ಹಿಂದೆ ಮಾರುವ ಸಲಹೆ ಕೊಟ್ಟಿದ್ದ ಯೆಹೂದನೇ ಮುಂದೆ ಬಂದು, ಹುಡುಗನ ಬದಲಿಗೆ ನಾನು ನಿನ್ನ ಗುಲಾಮನಾಗಿರುತ್ತೇನೆ ಎಂದು ಬೇಡಿಕೊಂಡಾಗ ಮಾತ್ರ ಯೋಸೇಫನು ಗಟ್ಟಿಯಾಗಿ ಅತ್ತು ತನ್ನನ್ನು ತಿಳಿಯಪಡಿಸಿದನು. ಭಿಶಿಯ ಹಣದಂತೆ ನಂಬಿಕೆಯೂ ತಿಂಗಳ ತಿಂಗಳ ಕಂತಿನಲ್ಲಿ ಕೂಡುತ್ತದೆ.

ನನ್ನ ಸಲಹೆ ಇದು. ಅವ್ವನನ್ನು ಕೂರಿಸಿಕೊಂಡು, ಕೂಗಾಡದೆ, ಏನೇನು ಹೋಯಿತೆಂದು ತಮ್ಮನೊಡನೆ ಒಂದು ಹಾಳೆಯಲ್ಲಿ ಬರೆಯಿರಿ. ಅವನ ದುಡಿಮೆಗೆ ಆಗುವಷ್ಟು, ತಿಂಗಳಿಗೆ ಐನೂರೇ ಆಗಲಿ, ಅವ್ವನ ಕೈಗೆ ಕೊಡಲು ಅವನು ಒಪ್ಪಲಿ. ಆ ಮೊತ್ತ ಪೂರ್ತಿ ತೀರದೆ ಹೋಗಬಹುದು, ಉಳಿದದ್ದನ್ನು ಬಿಟ್ಟುಕೊಡುವ ಸ್ವಾತಂತ್ರ್ಯ ನಿಮಗೂ ಅವ್ವನಿಗೂ ಇದೆ. ಆದರೆ ಬಿಟ್ಟುಕೊಡಬೇಕಾದವರು ನೀವು, ಅದನ್ನು ತನ್ನಷ್ಟಕ್ಕೆ ತಾನೇ ಮನ್ನಾ ಮಾಡಿಕೊಳ್ಳಬೇಕಾದವನು ಅವನಲ್ಲ. ಭಿಶಿಗೆ ಜಾಮೀನು ಈಗ ಬೇಡ. ಅಪೊಸ್ತಲನಾದ ಪೌಲನು ಫಿಲೆಮೋನನಿಗೆ ಬರೆದ ಚಿಕ್ಕ ಪತ್ರವನ್ನೂ ಒಟ್ಟಿಗೆ ಓದಿರಿ. ಫಿಲೆಮೋನನ ಬಳಿಯಿಂದ ಓಡಿಹೋಗಿದ್ದ ಗುಲಾಮ ಒನೇಸಿಮನನ್ನು ಸಹೋದರನಂತೆ ಸೇರಿಸಿಕೋ ಎಂದು ಕೇಳುವಾಗ ಪೌಲನು ಫಿಲೆಮೋನನ ನಷ್ಟವನ್ನು ಅಲ್ಲಗಳೆಯಲಿಲ್ಲ. ಅವನು ಕೊಡಬೇಕಾದದ್ದನ್ನು ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಎಂದು ಸ್ವಂತ ಕೈಯಿಂದ ಬರೆದುಕೊಟ್ಟನು. ನಿಮಗೆ ಬುದ್ಧಿ ಹೇಳಿದ ಹಿರಿಯರು ಅವನ ಕಂತಿನಲ್ಲಿ ಸ್ವಲ್ಪ ಪಾಲು ಹೊರಲು ಮುಂದೆ ಬಂದರೆ ಅದು ಪೌಲನ ಮಾದರಿಯಾದೀತು.

ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ನನ್ನ ಸೇವೆಯ ಆರಂಭದ ವರ್ಷಗಳಲ್ಲಿ ಕುಡಿತ ಬಿಟ್ಟ ಯುವಕನೊಬ್ಬನನ್ನು ಮೂರು ಭಾನುವಾರ ಸತತವಾಗಿ ಸಾಕ್ಷಿ ಹೇಳಲು ನಿಲ್ಲಿಸಿದ್ದೆ. ನಾಲ್ಕನೆಯ ವಾರ ಅವನ ಹೆಂಡತಿ ಮಗುವನ್ನು ಎತ್ತಿಕೊಂಡು ಬಂದು, “ಅಯ್ಯನವರೇ, ಆತ ಊರೂರಿಗೆ ಸಾಕ್ಷಿ ಹೇಳಲು ಹೋಗುತ್ತಾನೆ, ಮನೆಯಲ್ಲಿ ಅಕ್ಕಿ ಇಲ್ಲ” ಎಂದಳು. ಆ ಮನೆಯ ಹೊಸ್ತಿಲನ್ನು ನಾನು ಅಲ್ಲಿಯವರೆಗೆ ಒಮ್ಮೆಯೂ ತುಳಿದಿರಲಿಲ್ಲ. ಅಂದಿನಿಂದ ನಾನು, ಸಾಕ್ಷಿ ಹೇಳಬಯಸುವವನ ಮನೆಯವರನ್ನು ಮೊದಲು ಕಂಡು ಮಾತಾಡದೆ ಯಾರನ್ನೂ ಸಭೆಯ ಮುಂದೆ ನಿಲ್ಲಿಸುವುದಿಲ್ಲ.

ಪ್ರಶ್ನೆ: ನಾನು ಪುಣೆಯಲ್ಲಿ ಓದುತ್ತಿದ್ದೇನೆ. ರಕ್ಷಣೆ ಉಚಿತ ವರವಾಗಿದ್ದರೆ ಒಳ್ಳೆಯವನಾಗಿ ಬಾಳಲು ಕಾರಣವೇನು? ಶನಿವಾರ ಪಾಪ ಮಾಡಿ ಭಾನುವಾರ ಕ್ಷಮೆ ಪಡೆಯಬಹುದಲ್ಲ ಎಂದು ಗೆಳೆಯರು ಹಂಗಿಸುತ್ತಾರೆ. (ವಿದ್ಯಾರ್ಥಿ, ಪಿಂಪರಿ)

ಉತ್ತರ: ತಮ್ಮಾ, ಈ ಪ್ರಶ್ನೆಯನ್ನು ಪೌಲನೇ ರೋಮಾಪುರದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದ ಆರಂಭದಲ್ಲಿ ಎತ್ತಿ, ಎಂದಿಗೂ ಹಾಗಾಗಬಾರದು ಎಂದು ಉತ್ತರಿಸಿದ್ದಾನೆ. ತೀತನಿಗೆ ಬರೆದ ಪತ್ರದಲ್ಲಿ ಕೃಪೆಯು ನಮಗೆ ಕಲಿಸುತ್ತದೆ ಎನ್ನುವ ಕಡೆ ಅವನು ಬಳಸಿದ ಗ್ರೀಕ್ ಪದ, ಮಗುವನ್ನು ತಿದ್ದಿ ಬೆಳೆಸುವುದಕ್ಕೆ ಹೇಳುವ ಪದ. ಎಫೆಸದವರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿ 8 ಮತ್ತು 9ನೆಯ ವಚನಗಳನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ, 10ನೆಯದನ್ನು ಬಿಡುತ್ತಾರೆ. ರಕ್ಷಣೆ ಕ್ರಿಯೆಗಳಿಂದ ಉಂಟಾಗಲಿಲ್ಲವೆಂದು ಹೇಳಿದ ಉಸಿರಿನಲ್ಲೇ, ನಾವು ಸತ್ಕ್ರಿಯೆಗಳಿಗಾಗಿ ಸೃಷ್ಟಿಸಲ್ಪಟ್ಟವರು ಎಂಬ ಮಾತು ಅಲ್ಲಿದೆ.

ನೀವು ಪುಣೆಯಲ್ಲಿ ಇರುವುದರಿಂದ, ಒಂದು ಬಿಡುವಿನ ದಿನ ದೌಂಡ್ ಕಡೆಯ ರೈಲು ಹಿಡಿದು ಕೇಡಗಾಂವಿಗೆ ಹೋಗಿ ಪಂಡಿತಾ ರಮಾಬಾಯಿಯವರ ಮುಕ್ತಿ ಸಂಸ್ಥೆಯನ್ನು ನೋಡಿ ಬನ್ನಿರಿ. ಅವರು ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಬರಗಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡು, ಕಾಲ್ನಡಿಗೆಯಲ್ಲಿ ದೇಶ ಸುತ್ತಿ, ಸಂಸ್ಕೃತ ಪಾಂಡಿತ್ಯದಿಂದ ಕಲ್ಕತ್ತೆಯಲ್ಲಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಪಡೆದವರು. ಇಂಗ್ಲೆಂಡಿಗೆ ಹೋದಾಗ, ಲಂಡನ್ನಿನ ಫುಲ್‌ಹ್ಯಾಮ್ ಎಂಬಲ್ಲಿ ಸಮಾಜ ತಳ್ಳಿಬಿಟ್ಟ ಹೆಂಗಸರನ್ನು ಕ್ರೈಸ್ತ ಸೋದರಿಯರು ಆದರದಿಂದ ನೋಡಿಕೊಳ್ಳುತ್ತಿದ್ದುದನ್ನು ಕಂಡು, ಅಂಥವರಿಗೆ ಇಷ್ಟು ದಯೆ ಏಕೆ ಎಂದು ಬೆರಗಾದರು. ಉತ್ತರವಾಗಿ ಒಬ್ಬ ಸೋದರಿ ಯೋಹಾನನ ಸುವಾರ್ತೆಯಿಂದ ಬಾವಿಯ ಬಳಿಯ ಸಮಾರ್ಯದ ಹೆಂಗಸಿನ ಪ್ರಸಂಗವನ್ನು ಓದಿದರು. 1883ರಲ್ಲಿ ರಮಾಬಾಯಿ ದೀಕ್ಷಾಸ್ನಾನ ಪಡೆದರು. ಆದರೂ, ಸುಮಾರು ಎಂಟು ವರ್ಷಗಳ ಕಾಲ ತಮಗೆ ಕ್ರೈಸ್ತ ಧರ್ಮ ಸಿಕ್ಕಿತ್ತೇ ಹೊರತು ಕ್ರಿಸ್ತನು ಸಿಕ್ಕಿರಲಿಲ್ಲ ಎಂಬರ್ಥದ ಮಾತನ್ನು ಅವರೇ ಮುಂದೆ ಬರೆದಿದ್ದಾರೆ. ಇಷ್ಟು ಓದಿದವರು, ಇಷ್ಟು ಸೇವೆ ಮಾಡಿದವರು ಹಾಗೆ ಬರೆದದ್ದನ್ನು ನಾನು ವರ್ಷಕ್ಕೊಮ್ಮೆಯಾದರೂ ನೆನೆದು ನನ್ನನ್ನು ನಾನೇ ಪ್ರಶ್ನಿಸಿಕೊಳ್ಳುತ್ತೇನೆ.

ಗಮನಿಸಬೇಕಾದದ್ದು ಅದರ ನಂತರದ ಬದುಕು. ಏನನ್ನೂ ಗಳಿಸಬೇಕಾಗಿಲ್ಲವೆಂದು ಕಂಡುಕೊಂಡ ಮೇಲೆ ಅವರು ಕೈಕಟ್ಟಿ ಕೂರಲಿಲ್ಲ. 1896-97ರ ಬರಗಾಲದಲ್ಲಿ ಮಧ್ಯ ಪ್ರಾಂತ್ಯಗಳಿಗೆ ಹೋಗಿ, ಹಸಿವಿನಿಂದ ಎಲುಬಾಗಿದ್ದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಸಾಕಿದರು, ಓದು ಮತ್ತು ಕಸುಬು ಕಲಿಸಿದರು. ಹೀಬ್ರೂ ಮತ್ತು ಗ್ರೀಕ್ ಕಲಿತು, ಓದುಬರಹ ಹೊಸದಾಗಿ ಕಲಿತ ಹೆಂಗಸರಿಗೂ ತಿಳಿಯುವ ಸರಳ ಮರಾಠಿಯಲ್ಲಿ ಇಡೀ ಬೈಬಲನ್ನು ಅನುವಾದಿಸಿ, 1922ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸದಲ್ಲೇ ಇದ್ದರು. ಶನಿವಾರ, ಭಾನುವಾರದ ಲೆಕ್ಕ ಹೇಳುವ ಗೆಳೆಯರನ್ನೂ ಜೊತೆಗೆ ಕರೆದೊಯ್ಯಿರಿ.

ಪ್ರಶ್ನೆ: ನಾನು ಬಾಗಲಕೋಟೆ ಕಡೆಯ ಗೌಂಡಿ, ಗೋವಾಕ್ಕೆ ಬಂದು ಹನ್ನೊಂದು ವರ್ಷವಾಯಿತು. ಕುಡಿಯುವುದಿಲ್ಲವೆಂದು ಕರ್ತನ ಮುಂದೆ ಮೂರು ಸಲ ಹರಕೆ ಮಾಡಿ ಮೂರು ಸಲವೂ ಬಿದ್ದೆ. ಬಿಟ್ಟ ಎರಡನೆಯ ದಿನವೇ ಕೈ ನಡುಗುತ್ತದೆ, ನಿದ್ರೆ ಬರುವುದಿಲ್ಲ. ಎರಡು ತಿಂಗಳಿಂದ ನಾಚಿಕೆಯಿಂದ ಸಭೆಗೆ ಹೋಗಿಲ್ಲ. ಕೃಪೆ ನನ್ನನ್ನು ಬಿಟ್ಟುಹೋಯಿತೆ? (ಓದುಗರು, ವಾಸ್ಕೋ)

ಉತ್ತರ: ಬಿಟ್ಟುಹೋಗಿಲ್ಲ. ಬರುವ ಭಾನುವಾರ, ಹಿಂದಿನ ರಾತ್ರಿ ಕುಡಿದಿದ್ದರೂ ಸರಿ, ಸಭೆಗೆ ಬನ್ನಿರಿ. ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿರಿ.

ಸಹೋದರರೇ, ಯೇಸುವಿನ ಶಿಷ್ಯನಾದ ಪೇತ್ರನೂ ಮೂರು ಸಲ ಬಿದ್ದವನು. ಯೇಸುವನ್ನು ಹಿಡಿದೊಯ್ದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಇದ್ದಲ ಬೆಂಕಿಗೆ ಕೈ ಕಾಯಿಸಿಕೊಳ್ಳುತ್ತ, ಆ ಮನುಷ್ಯನನ್ನು ಅರಿಯೆನು ಎಂದನು. ಪುನರುತ್ಥಾನದ ನಂತರ ಸಮುದ್ರದ ದಡದಲ್ಲಿ ಯೇಸು ಅವನಿಗಾಗಿ ಕಾದಿದ್ದಾಗ ಅಲ್ಲಿಯೂ ಇದ್ದಲ ಬೆಂಕಿ ಇತ್ತು, ಅದರ ಮೇಲೆ ಮೀನು ಇತ್ತು. ಯೋಹಾನನು ಇದ್ದಲ ಬೆಂಕಿಗೆ ಬಳಸಿದ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಕಡೆ. ಬೇಡವಾದ ನೆನಪಿನ ವಾಸನೆ ಏಳುವ ಆ ಬೆಂಕಿಯ ಬಳಿ ಕರ್ತನು ಮೊದಲು ಊಟ ಬಡಿಸಿದನು, ಅನಂತರ ನೀನು ನನ್ನನ್ನು ಪ್ರೀತಿಸುತ್ತೀಯೋ ಎಂದು ಮೂರು ಸಲ ಕೇಳಿದನು. ಮುಂದೆ ಬೀಳುವುದಿಲ್ಲವೆಂದು ಹರಕೆ ಮಾಡು ಎಂದು ಕೇಳಲಿಲ್ಲ.

ಹರಕೆಯನ್ನು ಈಗ ಪಕ್ಕಕ್ಕಿಟ್ಟು ವೈದ್ಯರಲ್ಲಿಗೆ ಹೋಗಿರಿ. ನೀವು ಬರೆದ ಕೈನಡುಕ ನಂಬಿಕೆಯ ಕೊರತೆಯಿಂದ ಬಂದದ್ದಲ್ಲ, ವರ್ಷಗಟ್ಟಲೆ ಮದ್ಯಕ್ಕೆ ಒಗ್ಗಿದ ದೇಹ ಅದು ಸಿಗದಾಗ ತೋರುವ ಲಕ್ಷಣ. ದಿನವೂ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೆ ನಿಲ್ಲಿಸಿದರೆ ಎರಡು ಮೂರು ದಿನಗಳೊಳಗೆ ಫಿಟ್ಸ್ ಬರಬಹುದು, ಬುದ್ಧಿ ಕಲಕಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಅದಕ್ಕೆ ಔಷಧಿ ಇದೆ. ಬಾಂಬೋಳಿಯಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಅಲ್ಲಿ ಏನನ್ನೂ ಮುಚ್ಚಿಡದೆ ಹೇಳಿರಿ. ಆ ಔಷಧಿಯೂ ದೇವರ ಕೃಪೆಯ ಕೈಯಿಂದಲೇ ಬರುತ್ತದೆ ಎಂದು ನಾನು ನಂಬುತ್ತೇನೆ. ಅಮೆರಿಕದಲ್ಲಿ 1935ರಲ್ಲಿ ಕುಡಿತದಿಂದ ನಲುಗಿದ ಇಬ್ಬರು, ಒಬ್ಬರು ವೈದ್ಯರು, ಇನ್ನೊಬ್ಬರು ಷೇರು ವ್ಯವಹಾರದವರು, ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳು ಗೋವಾದಲ್ಲಿಯೂ ಸೇರುತ್ತವೆ. ಅಲ್ಲಿ ಜನ್ಮಕ್ಕೆಲ್ಲ ಆಣೆ ಇಡಿಸುವುದಿಲ್ಲ, ಇವತ್ತು ಒಂದು ದಿನ ಕುಡಿಯದಿರು ಎನ್ನುತ್ತಾರೆ. ತಮ್ಮ ಕುಡಿತದಿಂದ ಯಾರಿಗೆ ನೋವಾಯಿತೆಂದು ಪಟ್ಟಿ ಬರೆದು ಅದನ್ನು ಸರಿಪಡಿಸುವುದೂ ಅವರ ಹನ್ನೆರಡು ಹೆಜ್ಜೆಗಳಲ್ಲಿ ಸೇರಿದೆ. ಧಾರಾವಿಯ ಸಹೋದರಿಯ ತಮ್ಮನಿಗೂ ಈ ಮಾತು ಸಲ್ಲುತ್ತದೆ. ಶನಿವಾರದ ಬಟವಾಡೆಯ ಹಣ ನಿಮ್ಮ ಕೈಗೆ ಬಾರದೆ ನೇರವಾಗಿ ಹೆಂಡತಿಯ ಖಾತೆಗೆ ಹೋಗುವಂತೆ ನಿಮ್ಮ ಮೇಸ್ತ್ರಿಗೆ ಹೇಳಿರಿ.

ಪೌಲನು ತನ್ನ ಶರೀರದಲ್ಲಿದ್ದ ಮುಳ್ಳನ್ನು ತೆಗೆಯಬೇಕೆಂದು ಮೂರು ಸಲ ಬೇಡಿದನು. ಮುಳ್ಳು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂದಿತು. ಆಸೆ ಪೂರ್ತಿ ಅಡಗುವ ದಿನಕ್ಕಾಗಿ ಕಾಯದೆ, ಅದು ಇರುವಾಗಲೇ ಆ ಮಾತನ್ನು ಹಿಡಿದುಕೊಳ್ಳಿರಿ.

ಪ್ರಶ್ನೆ: ನಾನು ಕ್ರೈಸ್ತನಲ್ಲ, ಆದರೆ ಈ ಅಂಕಣವನ್ನು ತಪ್ಪದೆ ಓದುತ್ತೇನೆ. ನಮ್ಮ ಭಕ್ತಿ ಸಂಪ್ರದಾಯಗಳಲ್ಲಿಯೂ ಕೃಪೆ ಇದೆ. ನೀವು ಹೇಳುವುದು ಅದರಿಂದ ಬೇರೆಯೇ? (ಹಿರಿಯ ಓದುಗರು, ಡೊಂಬಿವಲಿ)

ಉತ್ತರ: ಹಿರಿಯರೇ, ಕೃಪೆ ಎಂಬ ಪದವೇ ನಮ್ಮ ಬೈಬಲಿಗೆ ನಿಮ್ಮ ಸಂಪ್ರದಾಯಗಳಿಂದ ಬಂದದ್ದು, ಆ ಋಣ ನಮ್ಮ ಮೇಲಿದೆ. ಶ್ರೀವೈಷ್ಣವರಲ್ಲಿ ಮರಿಯೇ ತಾಯಿಯನ್ನು ಬಿಗಿಯಾಗಿ ಹಿಡಿದುಕೊಳ್ಳುವ ಮರ್ಕಟ ಕಿಶೋರ ನ್ಯಾಯ, ತಾಯಿಯೇ ಮರಿಯನ್ನು ಕಚ್ಚಿ ಎತ್ತಿಕೊಂಡು ಹೋಗುವ ಮಾರ್ಜಾಲ ಕಿಶೋರ ನ್ಯಾಯ ಎಂಬ ಎರಡು ವಿಚಾರಗಳಿವೆಯಷ್ಟೆ. ಪೌಲನು ಎರಡನೆಯದನ್ನು ಕೇಳಿದ್ದರೆ ಸಂತೋಷಪಡುತ್ತಿದ್ದನು ಎಂದು ನನಗೆ ಅನ್ನಿಸುತ್ತದೆ. ನಾವು ವಿಶೇಷವಾಗಿ ಸಾರುವುದು ಏನೆಂದರೆ, ಆ ಕೃಪೆಯು ಪೊಂತ್ಯ ಪಿಲಾತನ ಆಳ್ವಿಕೆಯಲ್ಲಿ ಯೆರೂಸಲೇಮಿನ ಹೊರಗೆ ಶಿಲುಬೆಗೆ ಹಾಕಲ್ಪಟ್ಟ ಒಬ್ಬನಲ್ಲಿ ನಮ್ಮ ಸಾಲವನ್ನು ತನ್ನ ಲೆಕ್ಕಕ್ಕೆ ಹಾಕಿಕೊಂಡಿತು ಎಂಬುದನ್ನು.

ಯೇಸು ಹೇಳಿದ ಸಾಮ್ಯವೊಂದನ್ನು ಮುಂಬೈಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ನಮ್ಮ ನಾಕಾಗಳಲ್ಲಿ ನಮ್ಮ ಊರುಗಳ ಜನ ಕೈಯಲ್ಲಿ ಬುತ್ತಿ ಹಿಡಿದು ಕೂಲಿಗಾಗಿ ನಿಲ್ಲುವುದನ್ನು ನೀವು ಕಂಡಿದ್ದೀರಿ. ಗಟ್ಟಿಮುಟ್ಟಾದವರನ್ನು ಗುತ್ತಿಗೆದಾರರು ಮೊದಲು ಕರೆದೊಯ್ಯುತ್ತಾರೆ. ಬಿಸಿಲೇರಿದ ಮೇಲೆಯೂ ಉಳಿಯುವವರು ವಯಸ್ಸಾದವರು, ಕಾಲು ಊನವಾದವರು, ಕೆಮ್ಮುವವರು. ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಯಜಮಾನನು ಬೆಳಗಾಗುವಾಗ ಒಮ್ಮೆ ಹೋಗಿ ಆಳುಗಳನ್ನು ಕರೆತಂದದ್ದಲ್ಲದೆ, ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ತಾನೇ ನಾಕಾಕ್ಕೆ ಹೋದನು. ಇಲ್ಲೇಕೆ ದಿನವೆಲ್ಲ ನಿಂತಿದ್ದೀರಿ ಎಂದು ಕೇಳಿದಾಗ, ನಮ್ಮನ್ನು ಯಾರೂ ಕರೆಯಲಿಲ್ಲ ಎಂದು ಅವರು ಉತ್ತರಿಸಿದರು. ಹೊತ್ತು ಮುಳುಗಿದಾಗ ಅವರಿಗೂ ಒಂದೊಂದು ದಿನಾರಿ, ಅಂದರೆ ಪೂರ್ತಿ ದಿನದ ಕೂಲಿ, ಸಿಕ್ಕಿತು. ಒಂದೇ ತಾಸು ದುಡಿದವನಿಗೆ ಹನ್ನೆರಡನೆಯ ಒಂದು ಪಾಲು ಕೊಟ್ಟಿದ್ದರೆ ಲೆಕ್ಕ ಸರಿಯಾಗುತ್ತಿತ್ತು, ಆದರೆ ಆ ರಾತ್ರಿ ಅವನ ಮನೆಯ ಮಕ್ಕಳು ಹಸಿದು ಮಲಗಬೇಕಾಗುತ್ತಿತ್ತು.